ಐದು ತಿಂಗಳಾದರೂ ಸ್ವಂತ ಮನೆಯಲ್ಲಿ ನೆಂಟನಂತೆ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಅಮೆರಿಕದ ಮಿನೆಸೋಟಾದಲ್ಲಿ 13 ವರ್ಷ ಇದ್ದು ಕಳೆದ ನವೆಂಬರಿನಲ್ಲಿ ಮೈಸೂರಿಗೆ ಬಂದೆವು. ಕುವೆಂಪುನಗರದ ಮನೆಯಲ್ಲಿ ಕೆಳಗೆ ಅಪ್ಪ ಅಮ್ಮ, 6 ವರ್ಷ ಬೀಗ ಹಾಕಿದ್ದ ಮಹಡಿಯಲ್ಲಿ ನಾವು. ನನಗೂ ಪತ್ನಿಗೂ ಭಾರತದ ಪಾಸ್‌ಪೋರ್ಟ್, 9 ವರ್ಷದ ಮಗಳದು ಅಮೆರಿಕದ್ದು. ಹಳೆಯ ಕಂಪನಿಗೇ ಇಲ್ಲಿಂದ ಕೆಲಸ ಮಾಡುತ್ತಿದ್ದೇನೆ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮಹಡಿಯಲ್ಲಿ ಏನೋ ಕೆಟ್ಟ ವಾಸನೆ. ಬ್ಯಾಂಕು, ತೆರಿಗೆಯ ಕೆಲಸ ಒಂದೂ ಮುಗಿದಿಲ್ಲ. ಕಂಡವರೆಲ್ಲ ‘ಯಾಕೆ ಬಂದುಬಿಟ್ರಿ?’ ಅನ್ನುತ್ತಾರೆ. ಬೆಳಗ್ಗೆ ಕಾಫಿ ಕೈಗೆ ಬರುತ್ತದೆ, ಆಮೇಲೆ ಈ ಮನೆಯಲ್ಲಿ ನನ್ನ ಕೆಲಸ ಯಾವುದೆಂದು ತಿಳಿಯುವುದಿಲ್ಲ. ಬಂದದ್ದೇ ತಪ್ಪಾಯಿತೇ?

ಉತ್ತರ: ಬಂದದ್ದು ಸರಿಯೋ ತಪ್ಪೋ ಎಂದು ಐದನೇ ತಿಂಗಳಲ್ಲಿ ತೀರ್ಮಾನಿಸಬೇಡಿ. ಒಂದು ಯುಗಾದಿಯಿಂದ ಇನ್ನೊಂದು ಯುಗಾದಿವರೆಗೆ ಇದ್ದು ನೋಡದೆ ಮನೆ ಮಾರುವುದು, ನಿವೇಶನ ಕೊಳ್ಳುವುದು, ಮತ್ತೆ ಹೊರಡುವುದು ಯಾವುದೂ ಬೇಡ.

ನಿಮ್ಮ ಪತ್ರದಲ್ಲಿ ಕಾಫಿಯ ಸಾಲೇ ಮುಖ್ಯವಾದದ್ದು. ಅಲ್ಲಿ 13 ವರ್ಷ ಬಾಗಿಲ ಮುಂದಿನ ಹಿಮ ಗೋರಿದ್ದು, ಕಸ ಹೊತ್ತದ್ದು, ಬಿಲ್ಲು ಕಟ್ಟಿದ್ದು ಎಲ್ಲ ನೀವೇ. ಇಲ್ಲಿ ಹಾಲು ತರುವುದು ಅಪ್ಪ, ನೀರು ಹಿಡಿಯುವುದು ಅಮ್ಮ, ಬ್ಯಾಂಕಿಗೆ ಓಡಾಡುವುದು ಯಾರೋ ಸೋದರಸಂಬಂಧಿ. ಉಪಚಾರ ಚೆನ್ನಾಗಿ ನಡೆಯುತ್ತದೆ, ಆದರೆ ನೆಂಟನಿಗೆ ಯಾರೂ ಕೆಲಸ ಹೇಳುವುದಿಲ್ಲ. ಕಾಗದದಲ್ಲೂ ಅದೇ ಕಥೆ, ಬ್ಯಾಂಕಿನ ಲೆಕ್ಕದಲ್ಲಿ ನೀವಿನ್ನೂ ಅನಿವಾಸಿ. ಮನೆಯ ಕೆಲಸ ಮತ್ತು ಕಾಗದದ ಕೆಲಸ ಎರಡನ್ನೂ ಒಟ್ಟಿಗೆ ಕೈಗೆತ್ತಿಕೊಳ್ಳಿ.

ಮೊದಲು ವಾಸನೆ, ಏಕೆಂದರೆ ಅದು ಒಂದೇ ದಿನದ ಕೆಲಸ. ಬಚ್ಚಲಿನ ನೆಲದ ಜಾಲರಿಯ ಕೆಳಗೆ ನಹಾನಿ ಟ್ರ್ಯಾಪ್ ಇರುತ್ತದೆ. ಅದರಲ್ಲಿ ಸದಾ ನಿಲ್ಲುವ ಒಂದೆರಡು ಅಂಗುಲ ನೀರೇ ಒಳಚರಂಡಿಯ ಗಾಳಿಯನ್ನೂ ಜಿರಲೆಯನ್ನೂ ತಡೆಯುವ ಮುಚ್ಚಳ. ಬೀಗ ಹಾಕಿದ ಮನೆಯಲ್ಲಿ ಆ ನೀರು ಆರಿಹೋಗುತ್ತದೆ. ನೀವು ದಿನಾ ಬಳಸುವ ಬಚ್ಚಲಿನಲ್ಲಿ ಅದು ಮತ್ತೆ ತುಂಬಿಕೊಂಡಿದೆ, ಬಳಸದ ಕೋಣೆಯಲ್ಲಿ, ಬಾಲ್ಕನಿಯಲ್ಲಿ, ಬಟ್ಟೆ ಒಗೆಯುವ ಜಾಗದಲ್ಲಿ ಒಣಗಿಯೇ ಇದೆ. ಪ್ರತಿಯೊಂದಕ್ಕೂ ಒಂದು ಬಕೆಟ್ ನೀರು ಸುರಿಯಿರಿ. ಅಪರೂಪಕ್ಕೆ ಬಳಸುವ ಜಾಲರಿಗೆ ಮೇಲಿಂದ ಎರಡು ಚಮಚ ಅಡುಗೆ ಎಣ್ಣೆ ಹಾಕಿದರೆ ನೀರು ಬೇಗ ಆರುವುದಿಲ್ಲ. ಎರಡು ದಿನವಾದರೂ ವಾಸನೆ ಹೋಗದಿದ್ದರೆ ಟ್ರ್ಯಾಪ್ ಸೀಳಿದೆ, ಇಲ್ಲವೇ ಸಿಂಕಿನ ಪೈಪನ್ನು ಬಾಟಲ್ ಟ್ರ್ಯಾಪ್ ಇಲ್ಲದೆ ನೇರವಾಗಿ ನೆಲದ ಕೊಳವೆಗೆ ತೂರಿಸಿದ್ದಾರೆ. ಎರಡನೆಯದು ನಮ್ಮ ಕಡೆ ಬಹಳ ಸಾಮಾನ್ಯ. ಪ್ಲಂಬರ್ ಬಂದಾಗ ನಲ್ಲಿಗಳ ವಾಷರನ್ನೂ ಬದಲಿಸಿಬಿಡಿ, ಆರು ವರ್ಷ ಒಣಗಿದ ರಬ್ಬರ್ ಬಿರುಕು ಬಿಟ್ಟಿರುತ್ತದೆ.

ಮಹಡಿಗೆ ಬೇರೆ ಟ್ಯಾಂಕ್ ಇದ್ದು, ಬಂದ ಮೇಲೆ ತೊಳೆಸಿಲ್ಲದಿದ್ದರೆ ಈ ಭಾನುವಾರವೇ ಆಗಲಿ. ಕೆಸರು ತೆಗೆದು ಗೋಡೆಗಳನ್ನು ಬ್ರಷ್‌ನಲ್ಲಿ ಉಜ್ಜಿ. ಕಾಲು ಭಾಗ ನೀರು ತುಂಬಿದ ಮೇಲೆ 1000 ಲೀಟರ್ ಟ್ಯಾಂಕಿಗೆ 150 ಗ್ರಾಂ ಬ್ಲೀಚಿಂಗ್ ಪೌಡರನ್ನು ಬಕೆಟ್ ನೀರಿನಲ್ಲಿ ಕದಡಿ, ತಿಳಿಯನ್ನಷ್ಟೇ ಸುರಿಯಿರಿ. ಟ್ಯಾಂಕ್ ತುಂಬಿಸಿ, ಕ್ಲೋರಿನ್ ವಾಸನೆ ಬರುವವರೆಗೆ ಎಲ್ಲ ನಲ್ಲಿಗಳನ್ನೂ ಒಮ್ಮೆ ಬಿಟ್ಟು ನಿಲ್ಲಿಸಿ. 24 ಗಂಟೆ ಬಿಟ್ಟು ಪೂರ್ತಿ ಖಾಲಿ ಮಾಡಿ, ಹೊಸ ನೀರು ತುಂಬಿ. ಆ ಒಂದು ದಿನ ಕುಡಿಯಲು, ಸ್ನಾನಕ್ಕೆ ಕೆಳಗಿನ ಮನೆಯ ನೀರು. ಪೌಡರ್ ಹೊಸ ಪೊಟ್ಟಣದ್ದಾಗಿರಲಿ, ತೆರೆದಿಟ್ಟದ್ದರಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ.

ವೈರಿಂಗ್ ವಿಷಯದಲ್ಲಿ ಎರಡು ಮಾತು. ಮೀಟರ್ ಬೋರ್ಡಿನಲ್ಲಿ ಕರೆಂಟ್ ಸೋರಿದರೆ ತಾನೇ ಕಡಿಯುವ ಆರ್‌ಸಿಸಿಬಿ ಎಂಬ ಸ್ವಿಚ್ಚಿನ ‘ಟೆಸ್ಟ್’ ಗುಂಡಿ ಒತ್ತಿ, ತಕ್ಷಣ ಕೆಳಗೆ ಬೀಳದಿದ್ದರೆ ಅದು ಸತ್ತಿದೆ, ಬದಲಿಸಲೇಬೇಕು. ಇನ್ನು ಹಡಗಿನಲ್ಲಿ ಬಂದ ಮಿಕ್ಸಿ, ಮೈಕ್ರೋವೇವ್. ಅಲ್ಲಿನದು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. ಹಾಗಾಗಿ ಕೆಲವು ಬಗೆಯ ಮೋಟರ್ ನಿಧಾನವಾಗಿ ತಿರುಗುತ್ತದೆ, ಮೈಕ್ರೋವೇವ್ ಒಳಗೇ ಕಾದು ಸುಡಬಹುದು. ‘100–240’ ಎಂದು ಬರೆದಿರುವ ಲ್ಯಾಪ್‌ಟಾಪ್, ಚಾರ್ಜರ್‌ಗಳಿಗೆ ಪಿನ್ ಬದಲಿಸಿದರೆ ಸಾಕು. ಉಳಿದವನ್ನು ಕಟ್ಟಿಟ್ಟು ಇಲ್ಲಿನದನ್ನೇ ಕೊಳ್ಳಿ.

ನೀರಿನ ಮಾತು ಬಂದಾಗ ಸೊಳ್ಳೆಯ ಮಾತೂ ಹೇಳಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಮೊಟ್ಟೆ ಇಡುವುದು ಸಂಪು, ಡ್ರಮ್ಮು, ಹೂಕುಂಡದ ತಟ್ಟೆಯಂಥ ತಿಳಿನೀರಿನಲ್ಲಿ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ಖಾಲಿ ಮಾಡಬೇಕು. ಬರಿದೆ ಚೆಲ್ಲಿದರೆ ಸಾಲದು, ಪಾತ್ರೆಯ ಅಂಚಿಗೆ ಅಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕುವುದರಿಂದ ಉಜ್ಜಿ ತೊಳೆಯಬೇಕು. ಮಗಳಿಗೆ ಜ್ವರ ಬಂದರೆ ಡೆಂಗಿ ಅಲ್ಲವೆಂದು ವೈದ್ಯರು ಹೇಳುವವರೆಗೆ ಪ್ಯಾರಾಸಿಟಮಾಲ್ ಮಾತ್ರ. ಅಮೆರಿಕದಿಂದ ತಂದ ಐಬುಪ್ರೊಫೆನ್ ಬಾಟಲಿಯನ್ನು ಮುಟ್ಟಬೇಡಿ, ಅದು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ. ಅವಳ ಅಲ್ಲಿನ ಲಸಿಕೆ ಪಟ್ಟಿಯನ್ನು ಮಕ್ಕಳ ವೈದ್ಯರಿಗೆ ತೋರಿಸಿ ಟೈಫಾಯ್ಡ್ ಲಸಿಕೆಯ ಬಗ್ಗೆ ಕೇಳಿ. ಮಂಡ್ಯ ಕಡೆಯ ಗದ್ದೆ ಬಯಲಿನ ನೆಂಟರ ಮನೆಗೆ ಹೋಗಿ ತಂಗುವುದಿದ್ದರೆ ಜಪಾನೀಸ್ ಮಿದುಳು ಜ್ವರದ ಲಸಿಕೆಯ ಬಗ್ಗೆಯೂ ಕೇಳಿ.

ಈಗ ಕಾಗದ. ಇಲ್ಲಿ ಕ್ರಮ ತಪ್ಪಿದರೆ ಒಂದೇ ಕೆಲಸಕ್ಕೆ ಮೂರು ಸಲ ಅಲೆಯಬೇಕಾಗುತ್ತದೆ, ಹೆಚ್ಚಿನವರು ಎಡವುವುದೂ ಇಲ್ಲೇ. ಮೊದಲು ನಿಮ್ಮ ಹೆಸರಿನಲ್ಲೇ ಒಂದು ಮೊಬೈಲ್ ನಂಬರ್. ಎರಡನೆಯದು ಆಧಾರ್‌ಗೆ ಆ ನಂಬರ್ ಸೇರಿಸುವುದು. ವಿಳಾಸವನ್ನು ಆನ್‌ಲೈನ್‌ನಲ್ಲಿ ತಿದ್ದಬಹುದು, ಮೊಬೈಲ್ ನಂಬರಿಗೆ ಆಧಾರ್ ಕೇಂದ್ರಕ್ಕೆ ನೀವೇ ಹೋಗಿ ಬೆರಳಚ್ಚು ಕೊಡುವುದು ಖಚಿತ ದಾರಿ. ಮೂರನೆಯದು ಪ್ಯಾನ್. ಅನಿವಾಸಿಯಾಗಿದ್ದಾಗ ಆಧಾರ್ ಜೋಡಣೆಗೆ ವಿನಾಯಿತಿ ಇತ್ತು, ನಿವಾಸಿಗೆ ಇಲ್ಲ. ಜೋಡಿಸದಿದ್ದರೆ ಪ್ಯಾನ್ ನಿಷ್ಕ್ರಿಯವಾಗಿ ಬಡ್ಡಿ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ (ಟಿಡಿಎಸ್) 20 ಪ್ರತಿಶತಕ್ಕೆ ಏರುತ್ತದೆ. ಈ ಮೂರೂ ಆದ ಮೇಲೆ ಬ್ಯಾಂಕು, ಅದಾದ ಮೇಲೆ ಮ್ಯೂಚುವಲ್ ಫಂಡ್ ಕೆವೈಸಿ ಮತ್ತು ಡಿಮ್ಯಾಟ್.

ಬ್ಯಾಂಕಿನಲ್ಲಿ ಆಗುವ ದೊಡ್ಡ ತಪ್ಪು ಅನಿವಾಸಿಗಳು ವಿದೇಶದ ಗಳಿಕೆ ಇಡುವ ಎನ್‌ಆರ್‌ಇ ಖಾತೆಯನ್ನು ಸುಮ್ಮನೆ ಮುಂದುವರಿಸುವುದು. ಇಲ್ಲೇ ನೆಲೆಸಲೆಂದು ಬಂದವರು ವಿದೇಶಿ ವಿನಿಮಯದ ಫೆಮಾ ಕಾಯ್ದೆಯಲ್ಲಿ ಬಂದ ದಿನದಿಂದಲೇ ನಿವಾಸಿಗಳು. ಎನ್‌ಆರ್‌ಇ ಬಡ್ಡಿಯ ತೆರಿಗೆ ವಿನಾಯಿತಿಯೂ ಅಂದಿಗೇ ಮುಗಿಯುತ್ತದೆ. ಬ್ಯಾಂಕು ತಾನಾಗಿ ಕೇಳುವುದಿಲ್ಲ, ನೀವೇ ಅರ್ಜಿ ಕೊಡಬೇಕು. ಅನಿವಾಸಿಗಳು ಇಲ್ಲಿನ ಆದಾಯಕ್ಕೆ ಇಟ್ಟುಕೊಳ್ಳುವ ಎನ್‌ಆರ್‌ಒ ಖಾತೆ ಸಾಮಾನ್ಯ ಉಳಿತಾಯ ಖಾತೆಯಾಗುತ್ತದೆ. ಎನ್‌ಆರ್‌ಇ ಹಣವನ್ನು ಸಾಮಾನ್ಯ ಖಾತೆಗೂ ಹಾಕಬಹುದು, ವಿದೇಶಿ ನಾಣ್ಯದಲ್ಲೇ ಉಳಿಸುವ ಆರ್‌ಎಫ್‌ಸಿ ಖಾತೆಗೂ ಹಾಕಬಹುದು. ಮುಂದೆ ಮಗಳ ಓದಿಗೆ ಡಾಲರ್ ಬೇಕಾಗಬಹುದಾದ ನಿಮಗೆ ಒಂದು ಭಾಗ ಆರ್‌ಎಫ್‌ಸಿಯಲ್ಲಿರುವುದೇ ಒಳ್ಳೆಯದು. ಅನಿವಾಸಿಯಾಗಿ ವಿದೇಶಿ ನಾಣ್ಯದಲ್ಲಿಟ್ಟ ಎಫ್‌ಸಿಎನ್‌ಆರ್ ಠೇವಣಿ ಇದ್ದರೆ ಅವಧಿ ಮುಗಿಯುವವರೆಗೆ ಹಾಗೇ ಇರಲಿ.

ಆದಾಯ ತೆರಿಗೆಯಲ್ಲಿ ಉದ್ದೇಶಕ್ಕಿಂತ ದಿನಗಳ ಲೆಕ್ಕ ಮುಖ್ಯ. ಪಾಸ್‌ಪೋರ್ಟಿನ ಮುದ್ರೆಗಳನ್ನು ನೋಡಿ ಹಿಂದಿನ ವರ್ಷಗಳಲ್ಲಿ ಭಾರತದಲ್ಲಿ ಇದ್ದ ದಿನಗಳ ಒಂದು ಪಟ್ಟಿ ಮಾಡಿ. ನೀವು ನವೆಂಬರಿನಲ್ಲಿ ಬಂದಿರಿ, ಆ ಮಾರ್ಚ್ 31ಕ್ಕೆ ನಿವಾಸಿಯೆನಿಸುವ 182 ದಿನ ಆಗಿಲ್ಲ. ವರ್ಷಕ್ಕೆ ಮೂರು ನಾಲ್ಕು ವಾರವಷ್ಟೇ ಬಂದುಹೋಗುತ್ತಿದ್ದರೆ ಅದಕ್ಕೆ ಹಿಂದಿನ 4 ವರ್ಷಗಳಲ್ಲಿ ಇನ್ನೊಂದು ಮಿತಿಯಾದ 365 ದಿನವೂ ಆಗಿರುವುದಿಲ್ಲ. ಹಾಗಿದ್ದರೆ ಆ ವರ್ಷ ನೀವು ಅನಿವಾಸಿ. ಮುಂದಿನ ಎರಡು ವರ್ಷ ‘ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ’ ಎಂಬ ದರ್ಜೆ ಸಿಗುತ್ತದೆ, ಲೆಕ್ಕಿಗರು ಇದನ್ನು ಆರ್‌ಎನ್‌ಒಆರ್ ಅನ್ನುತ್ತಾರೆ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದವರಿಗೆ, ಇಲ್ಲವೇ ಹಿಂದಿನ 7 ವರ್ಷಗಳಲ್ಲಿ ಇಲ್ಲಿದ್ದದ್ದು 729 ದಿನ ಮೀರದವರಿಗೆ ಈ ದರ್ಜೆ. ಆ ಎರಡು ವರ್ಷ ಅಮೆರಿಕದ ಬಡ್ಡಿ, ಲಾಭಾಂಶ, ಷೇರು ಮಾರಿದ ಲಾಭಕ್ಕೆ ಇಲ್ಲಿ ತೆರಿಗೆ ಇಲ್ಲ. ಆದರೆ ಆ ಹಣ ಮೊದಲು ಅಲ್ಲಿನ ಖಾತೆಗೇ ಬೀಳಬೇಕು. ನೇರವಾಗಿ ಇಲ್ಲಿನ ಖಾತೆಗೆ ತರಿಸಿಕೊಂಡರೆ ಭಾರತದಲ್ಲಿ ಸ್ವೀಕರಿಸಿದ ಆದಾಯವೆಂದು ತೆರಿಗೆ ಬೀಳುತ್ತದೆ. ಅಲ್ಲಿ ಮಾರಬೇಕಾದದ್ದನ್ನು ಈ ಎರಡು ವರ್ಷಗಳಲ್ಲೇ ಯೋಚಿಸಿ ಮಾರಿ. ಮೂರನೆಯ ವರ್ಷದಿಂದ ಜಗತ್ತಿನಲ್ಲಿ ಎಲ್ಲಿ ಆದಾಯ ಬಂದರೂ ಇಲ್ಲಿ ತೋರಿಸಬೇಕು, ವಿದೇಶಿ ಖಾತೆ ಮತ್ತು ಆಸ್ತಿಗಳ ಪಟ್ಟಿಯನ್ನು ರಿಟರ್ನ್ ಜೊತೆ ಕೊಡಬೇಕು. ಆ ಪಟ್ಟಿ ಬಿಟ್ಟರೆ 10 ಲಕ್ಷ ರೂಪಾಯಿ ದಂಡ ಹಾಕಬಹುದಾದ ಕಾನೂನು 2015ರಿಂದ ಇದೆ.

ನಿಮ್ಮ ಸಂಬಳಕ್ಕೆ ಮಾತ್ರ ಈ ಅನುಕೂಲ ಇಲ್ಲ. ಕುಳಿತು ದುಡಿದ ಜಾಗ ಯಾವುದು ಎಂಬುದೇ ಲೆಕ್ಕ. ಕುವೆಂಪುನಗರದಲ್ಲಿ ಕೂತು ದುಡಿದದ್ದು, ಮಿನೆಸೋಟಾದ ಬ್ಯಾಂಕಿಗೆ ಜಮೆಯಾದರೂ, ಭಾರತದ ಆದಾಯ. ಅಲ್ಲಿನ ಕಂಪನಿ ಇಲ್ಲಿನ ತೆರಿಗೆ ಹಿಡಿಯುವುದಿಲ್ಲವಾದ್ದರಿಂದ ಏಪ್ರಿಲ್‌ನಿಂದ ನೀವೇ ಮುಂಗಡ ತೆರಿಗೆ ಕಟ್ಟಬೇಕು: ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15, ಮಾರ್ಚ್ 15. ತಪ್ಪಿದರೆ ಬಡ್ಡಿ ಸೇರುತ್ತದೆ. ನವೆಂಬರಿನಿಂದ ಮಾರ್ಚ್‌ವರೆಗಿನ ಸಂಬಳಕ್ಕೆ ಎರಡು ದೇಶಗಳ ತೆರಿಗೆ ಒಪ್ಪಂದ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಮಾತ್ರ ಇಂಥ ರಿಟರ್ನ್ ಮಾಡಿದ ಅನುಭವವಿರುವ ಚಾರ್ಟರ್ಡ್ ಅಕೌಂಟೆಂಟ್ ಬಳಿ ಕೂತು ತೀರ್ಮಾನಿಸಿ. ನಿವೃತ್ತಿ ಖಾತೆಯ ವಿಷಯವನ್ನೂ ಅಂದೇ ಕೇಳಿ. ಅಮೆರಿಕ, ಬ್ರಿಟನ್, ಕೆನಡಾದ ಅಂಥ ಖಾತೆಗಳಿಗೆ ಹಣ ತೆಗೆದಾಗಲೇ ತೆರಿಗೆ ಕಟ್ಟುವ ಆಯ್ಕೆ ಇದೆ, ಸಮಯಕ್ಕೆ ಸರಿಯಾಗಿ ಕೇಳಿ ಪಡೆಯಬೇಕಷ್ಟೆ. ಗ್ರೀನ್ ಕಾರ್ಡ್ ಇದ್ದರೆ ಪೆಟ್ಟಿಗೆಯಲ್ಲಿಟ್ಟು ಮರೆಯಬೇಡಿ, ವಿಧಿಪೂರ್ವಕ ಒಪ್ಪಿಸುವವರೆಗೆ ಅಲ್ಲಿನ ತೆರಿಗೆಯ ಹೊಣೆ ನಿಮ್ಮ ಮೇಲೇ ಇರುತ್ತದೆ.

ಆರೋಗ್ಯ ವಿಮೆ ಈ ವಾರವೇ ಆಗಲಿ. ಹೊಸ ಪಾಲಿಸಿಯಲ್ಲಿ ಅಪಘಾತ ಬಿಟ್ಟು ಉಳಿದದ್ದಕ್ಕೆ ಮೊದಲ 30 ದಿನ ರಕ್ಷಣೆ ಇರುವುದಿಲ್ಲ. ಮೊದಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥವಕ್ಕೆ 3 ವರ್ಷದವರೆಗೆ ಕಾಯಿಸಬಹುದು. ಆ ಗಡಿಯಾರ ಓಡತೊಡಗುವುದು ಪಾಲಿಸಿ ತೆಗೆದ ದಿನದಿಂದ. ಇರುವ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಟ್ಟರೆ ಆಸ್ಪತ್ರೆಯ ಬಿಲ್ಲಿನ ಹೊತ್ತಿಗೆ ಅದೇ ಕೈ ಕೊಡುತ್ತದೆ.

ಅಲ್ಲಿದ್ದಾಗ ಯಾರಿಗಾದರೂ ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ (ಜನರಲ್ ಪವರ್ ಆಫ್ ಅಟಾರ್ನಿ) ಕೊಟ್ಟಿದ್ದರೆ ರದ್ದುಪತ್ರ ಮಾಡಿಸಿ, ಮೂಲಪತ್ರ ನೋಂದಣಿಯಾಗಿದ್ದರೆ ರದ್ದತಿಯನ್ನೂ ನೋಂದಾಯಿಸಿ. ನಂಬಿಕೆ ಇಲ್ಲವೆಂದು ಇದರ ಅರ್ಥವಲ್ಲ. 13 ವರ್ಷ ನಿಮ್ಮ ಭಾರ ಹೊತ್ತವರ ಮನೆಗೆ ಹಣ್ಣು, ಎಲೆಯಡಿಕೆ ಸಮೇತ ಹೋಗಿ, ‘ಇನ್ನು ನಾನೇ ನೋಡ್ಕೋತೀನಿ’ ಎಂದು ಹೇಳಿ, ಆಮೇಲೆ ಕಾಗದ ಮಾಡಿಸಿ. ಮೊದಲು ನೋಟಿಸ್ ಹೋಗಿ ಆಮೇಲೆ ನೀವು ಹೋದರೆ ಸಂಬಂಧ ಕೆಡುತ್ತದೆ.

ಮಗಳ ಕಾಗದ ಬೇರೆ. ಅವಳಿಗೆ ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದೆಯೇ, ಯಾವ ದಿನಾಂಕದ್ದು ಎಂದು ನೋಡಿ. 2021ರ ಮಾರ್ಚ್ 4ರ ಕೇಂದ್ರದ ಅಧಿಸೂಚನೆಯಂತೆ ವೈದ್ಯಕೀಯ, ಎಂಜಿನಿಯರಿಂಗ್‌ನಂಥ ಅಖಿಲ ಭಾರತ ಪ್ರವೇಶ ಪರೀಕ್ಷೆಗಳಲ್ಲಿ ಒಸಿಐ ಮಕ್ಕಳಿಗೆ ಅನಿವಾಸಿ ಕೋಟಾದ ಅಥವಾ ಹೆಚ್ಚುವರಿ ಸೀಟುಗಳಷ್ಟೇ ಸಿಗುತ್ತವೆ. ಆ ದಿನಕ್ಕೆ ಮೊದಲೇ ಕಾರ್ಡ್ ಪಡೆದವರಿಗೆ ಇದು ಅನ್ವಯಿಸದು ಎಂದು 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅನೇಕ ತಂದೆತಾಯಿಗೆ ಇದು ತಿಳಿಯುವುದೇ ಎರಡನೇ ಪಿಯುಸಿಯಲ್ಲಿ. ನಿಮಗೆ ಎಂಟು ವರ್ಷ ಮೊದಲೇ ತಿಳಿದಿರಲಿ. ಅಜ್ಜ ಪ್ರೀತಿಯಿಂದ ಸುಕನ್ಯಾ ಸಮೃದ್ಧಿ ಖಾತೆ ತೆರೆಯೋಣ ಎಂದರೆ ಬೇಡ ಎನ್ನಿ, ಅದು ಭಾರತದ ಪೌರರಿಗೆ ಮಾತ್ರ.

ಕನ್ನಡದ ವಿಷಯ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಿಂದಾಗಿ ಸಿಬಿಎಸ್‌ಇ ಆದರೂ ಐಸಿಎಸ್‌ಇ ಆದರೂ ಕನ್ನಡ ಇದ್ದೇ ಇರುತ್ತದೆ. ಸಹಪಾಠಿಗಳು ಮೂರು ವರ್ಷ ಮುಂದಿದ್ದಾರೆಂದು ಟ್ಯೂಷನ್ನಿಗೆ ಹಾಕಿ 49 ಅಕ್ಷರಗಳನ್ನು ಸಾಲಾಗಿ ಬರೆಸಿದರೆ ಒಂದು ತಿಂಗಳಲ್ಲಿ ಅವಳಿಗೆ ಕನ್ನಡವೆಂದರೆ ಬೇಸರ. ಅವಳಿಗೆ ಅರ್ಥವಾಗುವ ಮಾತಿನಿಂದಲೇ ಶುರು ಮಾಡಿ. ಅವಳ ಹೆಸರು, ಅಜ್ಜಿ ಹೆಸರು, ‘ಹಾಲು’, ‘ಬಸ್’, ಬೀದಿಯ ಅಂಗಡಿ ಬೋರ್ಡು. ದಿನಕ್ಕೆ 20 ನಿಮಿಷ ಸಾಕು, ಆದರೆ ದಿನಾ ಆಗಬೇಕು. ಕಾಗುಣಿತ ಬೇಗ ಹಿಡಿಯುತ್ತಾರೆ, ಮಕ್ಕಳು ಸಿಕ್ಕಿಬೀಳುವುದು ಒತ್ತಕ್ಷರದಲ್ಲಿ. ಅದನ್ನು ‘ಅಮ್ಮ’, ‘ಅಪ್ಪ’, ‘ಅಕ್ಕ’ದಂಥ ಸಜಾತಿ ಒತ್ತಿನಿಂದ ಹಿಡಿದು ‘ಚಂದ್ರ’, ‘ಪುಸ್ತಕ’ಕ್ಕೆ ಆಮೇಲೆ ಹೋಗಿ.

ಉಚ್ಚಾರದಲ್ಲಿ ಅವಳಿಗೆ ಕಷ್ಟವಾಗುವುದು ಯಾವುದೆಂದು ಮೊದಲೇ ಹೇಳಬಹುದು. ಇಂಗ್ಲಿಷಿನ ‘ಟಿ’ ನಮ್ಮ ‘ಟ’ವೂ ಅಲ್ಲ, ‘ತ’ವೂ ಅಲ್ಲ, ನಡುವಿನದು. ಹಾಗಾಗಿ ತಾತ ಟಾಟಾ ಆಗುತ್ತಾನೆ, ಲ–ಳ, ನ–ಣ ಒಂದಾಗುತ್ತವೆ. ಹಲ್ಲಿಗೆ ನಾಲಿಗೆ ತಾಗಿಸಿ ‘ತ’, ನಾಲಿಗೆ ಮಡಿಸಿ ‘ಟ’ ಎಂದು ಕನ್ನಡಿಯ ಮುಂದೆ ಆಟದ ಹಾಗೆ ಹೇಳಿಸಿ. ‘ಅಜ್ಜಿ ಬಂದಳು’ ಎಂದರೆ ನೀವು ‘ಹೌದು, ಅಜ್ಜಿ ಬಂದರು’ ಎಂದು ಸರಿಯಾದದ್ದನ್ನು ಹೇಳಿ ಮುಂದೆ ಹೋಗಿ. ನಾಲ್ಕು ಜನರ ಮುಂದೆ ತಿದ್ದಿ ನಕ್ಕರೆ ಆ ಮಗು ಇಂಗ್ಲಿಷಿಗೆ ಹಿಂತಿರುಗುತ್ತದೆ, ಮತ್ತೆ ಬಾಯಿ ಬಿಡಿಸುವುದು ಕಷ್ಟ. ನೆಂಟರ ಮಕ್ಕಳಿಂದ ‘ಬತ್ತೀನಿ’, ‘ಓಯ್ತೀನಿ’ ಎಂಬ ಮಂಡ್ಯದ ಮಾತು ಕಲಿತು ಬಂದರೆ ಖಂಡಿತ ತಡೆಯಬೇಡಿ. ಅದು ಜೀವಂತ ಕನ್ನಡ, ಓರಗೆಯವರಿಂದ ಕಲಿತದ್ದೇ ನಾಲಿಗೆಯಲ್ಲಿ ಉಳಿಯುವುದು. ಪುಸ್ತಕದ ಕನ್ನಡ ಶಾಲೆಯಲ್ಲಿ ಬರುತ್ತದೆ.

‘ಯಾಕೆ ಬಂದುಬಿಟ್ರಿ?’ ಎಂಬುದನ್ನು ‘ಊಟ ಆಯ್ತಾ?’ ಎಂಬಂತೆ ಕೇಳಿಸಿಕೊಳ್ಳಿ. ಕೇಳಿದವರಿಗೆ ವಿವರಣೆ ಬೇಕಿಲ್ಲ, ನಿಮ್ಮ ಜೊತೆ ಮಾತು ಶುರುವಾಗಬೇಕು ಅಷ್ಟೆ. ‘ಅಪ್ಪ ಅಮ್ಮನ ಜೊತೆ ಇರೋಣ ಅಂತ’ ಎಂದು ಒಂದೇ ವಾಕ್ಯ ಹೇಳಿ, ಅವರ ಮಕ್ಕಳ ಯೋಗಕ್ಷೇಮ ಕೇಳಿ. ಸಮರ್ಥಿಸಿಕೊಳ್ಳಲು ಹೊರಟರೆ ನಿಮಗೇ ಅನುಮಾನ ಹುಟ್ಟುತ್ತದೆ. ‘ಅಲ್ಲಿ ಹೀಗಿರಲಿಲ್ಲ’ ಎಂಬ ಮಾತನ್ನು ಪತ್ನಿಯ ಜೊತೆ ಆಡಿ ಮುಗಿಸಿ, ಅಪ್ಪ ಅಮ್ಮನ ಎದುರು ಬೇಡ. ನೀವು ರಸ್ತೆಯನ್ನೋ ಕಚೇರಿಯನ್ನೋ ಬೈದರೆ ಅವರಿಗೆ ತಮ್ಮ ಮನೆಯನ್ನೇ ಬೈದಂತೆ ಕೇಳಿಸುತ್ತದೆ.

ಹಾಗೆಯೇ ಅವರು ನಡೆಸಿಕೊಂಡು ಬಂದ ಮನೆಯನ್ನು ಸುಧಾರಿಸಲು ಹೋಗಬೇಡಿ. ಅಮ್ಮನ ಡಬ್ಬಗಳ ಜಾಗ ಬದಲಿಸಬೇಡಿ. ಅವರಿಗೆ ಈಗ ಮೈಗೆ ಆಗದ ಕೆಲಸಗಳನ್ನು ಕೇಳಿ ತೆಗೆದುಕೊಳ್ಳಿ: ಏಣಿ ಹತ್ತುವುದು, ಸಾಲಿನಲ್ಲಿ ನಿಲ್ಲುವುದು, ಸಿಲಿಂಡರ್ ಎತ್ತುವುದು. ಏಪ್ರಿಲ್ ಮುಗಿಯುವುದರೊಳಗೆ ಆಸ್ತಿ ತೆರಿಗೆ ಕಟ್ಟಿ ಶೇಕಡ 5ರ ರಿಯಾಯಿತಿ ಪಡೆಯುವುದು. ಅಪ್ಪನಿಗೆ ಪಿಂಚಣಿ ಇದ್ದರೆ ನವೆಂಬರಿನ ಜೀವಂತ ಪ್ರಮಾಣಪತ್ರ. ಶನಿವಾರ ತರಕಾರಿಗೆ ಅಪ್ಪನ ಜೊತೆ ದೇವರಾಜ ಮಾರುಕಟ್ಟೆಗೆ ನಡೆಯಿರಿ. ಚೀಲ ನೀವು ಹಿಡಿಯಿರಿ, ಆರಿಸುವುದು, ಚೌಕಾಸಿ ಅವರದೇ ಇರಲಿ. ಬೆಲೆಯನ್ನು ಮನಸ್ಸಿನಲ್ಲೇ ಡಾಲರಿಗೆ ಬದಲಿಸಬೇಡಿ, ಆರು ತಿಂಗಳ ಖರ್ಚನ್ನು ರೂಪಾಯಿಯಲ್ಲೇ ಬರೆದಿಡಿ.

ಇದಕ್ಕೆಲ್ಲ ಅಡ್ಡ ಬರುವುದು ನಿಮ್ಮ ರಾತ್ರಿಯ ಮೀಟಿಂಗುಗಳು. ಮಿನೆಸೋಟಾದ ಬೆಳಗ್ಗೆ 9 ಗಂಟೆ ನಮಗೆ ಬೇಸಿಗೆಯಲ್ಲಿ ರಾತ್ರಿ 7:30, ಅಲ್ಲಿ ನವೆಂಬರಿನಲ್ಲಿ ಗಡಿಯಾರ ಹಿಂದಿಟ್ಟ ಮೇಲೆ 8:30. ಮನೆಯವರೆಲ್ಲ ಒಟ್ಟಿಗೆ ಉಣ್ಣುವ ಹೊತ್ತೂ ಅದೇ. ವಾರದಲ್ಲಿ ಮೂರು ದಿನವಾದರೂ ಊಟ ಮುಗಿದ ಮೇಲೆ ಮೀಟಿಂಗ್ ಇರುವಂತೆ ಕಂಪನಿಯ ಹತ್ತಿರ ಮಾತಾಡಿ, ಹನ್ನೊಂದಕ್ಕೆ ಲ್ಯಾಪ್‌ಟಾಪ್ ಮುಚ್ಚಿ. ಮಲಗುವ ಮುಂಚೆ ಕೆಳಗಿನ ಅಡುಗೆಮನೆಗೆ ಹೋಗಿ ಡಿಕಾಕ್ಷನ್ ಹಾಕಿಡಿ: ನಾಲ್ಕು ಲೋಟಕ್ಕೆ 40 ಗ್ರಾಂ ಪುಡಿ, 200 ಮಿಲಿಲೀಟರ್ ಕುದಿಯುವ ನೀರು. ಪುಡಿಯನ್ನು ಮೆಲ್ಲಗೆ ಸಮ ಮಾಡಿ, ಒತ್ತಿ ತುಂಬಿದರೆ ಇಳಿಯುವುದಿಲ್ಲ, ಸಡಿಲ ಬಿಟ್ಟರೆ ನೀರಾಗುತ್ತದೆ. ಚಿಕೋರಿ ಹೆಚ್ಚಿದ್ದರೆ ಇಳಿಯಲು ಇನ್ನಷ್ಟು ಹೊತ್ತು. ನಾಳೆ ಬೆಳಗ್ಗೆ ಕಾಫಿ ನೀವು ಮಾಡುತ್ತೀರಿ ಎಂದು ಅಮ್ಮನಿಗೆ ಇವತ್ತೇ ಹೇಳಿಬಿಡಿ, ಇಲ್ಲದಿದ್ದರೆ ಅವರು ಎಂದಿನಂತೆ ಐದಕ್ಕೇ ಎದ್ದಿರುತ್ತಾರೆ.